ಪಂಚಾಂಗದಲ್ಲಿ ದಿನದ ಹೊತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಪಂಚಾಂಗ ಇರುತ್ತದೆ, ಗೋಡೆಯ ಮೇಲೆ ತಿಥಿ ಹಾಕಿದ ಕ್ಯಾಲೆಂಡರ್ ಇರುತ್ತದೆ, ಫೋನಿನಲ್ಲಿ ಆ್ಯಪ್ ಕೂಡ ಇರುತ್ತದೆ. ಆದರೂ ಹಬ್ಬ ಹತ್ತಿರ ಬಂದರೆ ಅದೇ ಗೊಂದಲ. ಚೌತಿ ಇವತ್ತೋ ನಾಳೆಯೋ? ರಾಹುಕಾಲ ಮುಗೀತಾ? ಅಮೆರಿಕದಲ್ಲಿರುವ ಮಗ ಯಾವ ದಿನ ಶ್ರಾದ್ಧ ಮಾಡಬೇಕು? ಇವಕ್ಕೆಲ್ಲ ಬುಡದಲ್ಲಿರುವುದು ಒಂದೇ ವಿಷಯ. ಪಂಚಾಂಗದ ಹೊತ್ತನ್ನು ಕಟ್ಟಿರುವುದು ನೀವಿರುವ ಊರಿನ ಸೂರ್ಯೋದಯಕ್ಕೆ. ಅದೊಂದು ಗೊತ್ತಿದ್ದರೆ ಉಳಿದ ಲೆಕ್ಕ ಯಾರು ಬೇಕಾದರೂ ಮಾಡಬಹುದು.

ಪಂಚಾಂಗದ ಪ್ರಕಾರ ದಿನ ಯಾವಾಗ ಶುರುವಾಗುತ್ತದೆ?

ಸೂರ್ಯ ಹುಟ್ಟಿದಾಗ. ಮರುದಿನ ಸೂರ್ಯ ಹುಟ್ಟುವವರೆಗೂ ಅದೇ ದಿನ, ಅದೇ ವಾರ. ರಾತ್ರಿ 12ಕ್ಕೆ ತಾರೀಖು ಬದಲಾಗುತ್ತದೆ, ಆದರೆ ವಾರ ಬದಲಾಗುವುದಿಲ್ಲ. ಸೋಮವಾರ ರಾತ್ರಿ ಕಳೆದು 2 ಗಂಟೆಯಾದರೂ ಪಂಚಾಂಗಕ್ಕೆ ಅದು ಸೋಮವಾರವೇ.

ಹಳೆಯ ಜ್ಯೋತಿಷಿಗಳಲ್ಲಿ ನಡುರಾತ್ರಿಯಿಂದ ದಿನ ಎಣಿಸುವ ಪದ್ಧತಿಯೂ ಇತ್ತು. ಆರ್ಯಭಟನ ಹೆಸರಿನಲ್ಲಿ ಸೂರ್ಯೋದಯದಿಂದ ಎಣಿಸುವುದು, ನಡುರಾತ್ರಿಯಿಂದ ಎಣಿಸುವುದು, ಎರಡೂ ಬಂದಿವೆ. ಅದು ಗ್ರಹಗಳ ಗಣಿತಕ್ಕೆ ಬೇಕಾದ ವಿಚಾರ. ಪೂಜೆ, ವ್ರತ, ಸಂಕಲ್ಪಕ್ಕೆ ಸೂರ್ಯೋದಯವೇ ಆಧಾರ.

ಗಳಿಗೆ, ವಿಗಳಿಗೆ ಅಂದರೆ ಎಷ್ಟು ನಿಮಿಷ?

ಒಂದು ಹಗಲು, ಒಂದು ರಾತ್ರಿ ಸೇರಿ 60 ಗಳಿಗೆ. ಅಂದರೆ ಒಂದು ಗಳಿಗೆಗೆ 24 ನಿಮಿಷ. ಗಳಿಗೆಯಲ್ಲಿ 60 ವಿಗಳಿಗೆ, ಒಂದೊಂದೂ 24 ಸೆಕೆಂಡು. ಪಂಚಾಂಗದಲ್ಲಿ ಇವನ್ನೇ ಘಟಿ, ವಿಘಟಿ ಎಂದು ಬರೆಯುತ್ತಾರೆ. ನಾಡಿ ಅಂದರೂ ಗಳಿಗೆಯೇ.

ಇದರ ಕೆಳಗೆ ಇನ್ನೊಂದು ಅಳತೆ ಇದೆ, ನನಗೆ ತುಂಬ ಇಷ್ಟವಾದದ್ದು. ವಿಗಳಿಗೆಯಲ್ಲಿ 6 ಪ್ರಾಣ. ಒಂದು ಪ್ರಾಣ ಎಂದರೆ ಆರೋಗ್ಯವಂತ ಮನುಷ್ಯ ನಿಧಾನವಾಗಿ ಒಂದು ಸಲ ಉಸಿರು ಎಳೆದು ಬಿಡುವಷ್ಟು ಹೊತ್ತು, 4 ಸೆಕೆಂಡು. ಲೆಕ್ಕ ಹಾಕಿದರೆ ದಿನಕ್ಕೆ 21,600 ಪ್ರಾಣ. ವೃತ್ತದ 360 ಅಂಶಗಳನ್ನು, ಅಂದರೆ ಡಿಗ್ರಿಗಳನ್ನು, ಒಂದೊಂದಕ್ಕೂ 60ರಂತೆ ಕಲೆಗಳಾಗಿ ಒಡೆದರೂ ಬರುವುದು ಅದೇ 21,600. ಸೂರ್ಯಸಿದ್ಧಾಂತ ಎಂಬ ಹಳೆಯ ಜ್ಯೋತಿಷ ಗ್ರಂಥದ ಲೆಕ್ಕದಲ್ಲಿ ಆಕಾಶ ಒಂದು ಕಲೆಯಷ್ಟು ತಿರುಗುವ ಹೊತ್ತಿಗೆ ಮನುಷ್ಯನ ಒಂದು ಉಸಿರು ಮುಗಿಯುತ್ತದೆ. ಇಷ್ಟು ಅಚ್ಚುಕಟ್ಟಾದ ಅಳತೆಯನ್ನು ಮಕ್ಕಳಿಗೆ ಶಾಲೆಯಲ್ಲೇ ಹೇಳಿಕೊಡಬೇಕು.

ಗಡಿಯಾರ ಇಲ್ಲದ ಕಾಲದಲ್ಲಿ ಗಳಿಗೆಯನ್ನು ಅಳೆಯುತ್ತಿದ್ದದ್ದು ಹೇಗೆ?

ಹಗಲಲ್ಲಿ ಶಂಕು, ಅಂದರೆ ನೆಟ್ಟ ಕೋಲಿನ ನೆರಳು ನೋಡುತ್ತಿದ್ದರು. ರಾತ್ರಿ, ಮೋಡದ ದಿನ, ಮದುವೆ ಮನೆಯ ಒಳಗೆ ಕೆಲಸಕ್ಕೆ ಬರುತ್ತಿದ್ದದ್ದು ಗಳಿಗೆ ಬಟ್ಟಲು.

ಅದು ತಾಮ್ರದ ಒಂದು ಬಟ್ಟಲು, ತಳದಲ್ಲಿ ಸಣ್ಣ ತೂತು. ದೊಡ್ಡ ಪಾತ್ರೆಯಲ್ಲಿ ತಿಳಿನೀರು ತುಂಬಿ, ಅದರ ಮೇಲೆ ಈ ಬಟ್ಟಲನ್ನು ತೇಲಿಬಿಡುತ್ತಾರೆ. ತೂತಿನಿಂದ ನೀರು ನಿಧಾನಕ್ಕೆ ಒಳಗೆ ಏರುತ್ತದೆ. ಅಂಚಿನವರೆಗೆ ತುಂಬಿದ ಕೂಡಲೇ ಬಟ್ಟಲು ಮುಳುಗಿ ತಳಕ್ಕೆ ಹೋಗುತ್ತದೆ. ಅಲ್ಲಿಗೆ ಒಂದು ಗಳಿಗೆ. ಪಕ್ಕದಲ್ಲಿ ಕೂತವರು ಬಟ್ಟಲನ್ನು ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಟ್ಟು, ಒಂದು ಗೆರೆ ಹಾಕಿಕೊಳ್ಳಬೇಕು. ಹಗಲು ರಾತ್ರಿ ಸೇರಿ 60 ಸಲ ಮುಳುಗಿದರೆ ಬಟ್ಟಲು ಸರಿ ಇದೆ ಎನ್ನುತ್ತದೆ ಸೂರ್ಯಸಿದ್ಧಾಂತ.

ಬಟ್ಟಲಿನ ತೂಕ ಇಷ್ಟಿರಬೇಕು, ಅಗಲ ಇಷ್ಟಿರಬೇಕು ಎಂದು ಕೆಲವು ಗ್ರಂಥಗಳು ಹೇಳುತ್ತವೆ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು ಮಾತ್ರ ಬೇರೆ ದಾರಿ ತೋರಿಸಿದರು. ಬಟ್ಟಲು ಯಾವ ಅಳತೆಯದ್ದಾದರೂ ಇರಲಿ, ಒಂದು ಹಗಲು ರಾತ್ರಿಯಲ್ಲಿ ಎಷ್ಟು ಸಲ ಮುಳುಗುತ್ತದೆ ನೋಡಿ, 60 ಗಳಿಗೆಯನ್ನು ಆ ಸಂಖ್ಯೆಯಿಂದ ಭಾಗಿಸಿ, ಒಂದು ಮುಳುಗಿಗೆ ಎಷ್ಟು ಹೊತ್ತು ಅನ್ನುವುದು ಸಿಗುತ್ತದೆ ಎಂದರು. 50 ಸಲ ಮುಳುಗಿದರೆ ಒಂದು ಮುಳುಗಿಗೆ ಒಂದು ಗಳಿಗೆ 12 ವಿಗಳಿಗೆ, ಅಷ್ಟೇ. ಬಟ್ಟಲು ಮಾಡುವವನ ಕೈಚಳಕವನ್ನು ನಂಬಿ ಕೂರುವ ಅಗತ್ಯ ಉಳಿಯಲಿಲ್ಲ.

ನಮ್ಮ ಕಡೆ ಮದುವೆ ಮನೆಗಳಲ್ಲಿ ಗಳಿಗೆ ಬಟ್ಟಲಿಗೆ ಅರಿಸಿನ ಕುಂಕುಮ ಹಚ್ಚಿ, ಪೂಜೆ ಮಾಡಿ ತೇಲಿಬಿಡುವ ಪದ್ಧತಿ ಇತ್ತು. ಅಂತರಪಟ ಸರಿಸುವ ಹೊತ್ತನ್ನು ಹೇಳುತ್ತಿದ್ದದ್ದು ಅದೇ.

ಪಂಚಾಂಗದಲ್ಲಿ ತಿಥಿಯ ಮುಂದೆ 23-40 ಅಂತ ಇದೆ. ಇದನ್ನು ಗಂಟೆಗೆ ತಿರುಗಿಸುವುದು ಹೇಗೆ?

ಮೊದಲು ಆ ಕಾಲಂನ ತಲೆಯಲ್ಲಿ ಏನಿದೆ ನೋಡಿ. ಘ.ವಿ. ಅಂತ ಇದ್ದರೆ ಘಟಿ, ವಿಘಟಿ. ಗಂ.ನಿ. ಅಂತ ಇದ್ದರೆ ಗಂಟೆ, ನಿಮಿಷ. ಜಾಸ್ತಿ ಜನ ಎಡವುವುದು ಇಲ್ಲೇ.

ಘಟಿ, ವಿಘಟಿ ಅಂತಲೇ ಇಟ್ಟುಕೊಳ್ಳಿ. ಸೂರ್ಯ ಹುಟ್ಟಿದ ಮೇಲೆ 23 ಗಳಿಗೆ 40 ವಿಗಳಿಗೆಗೆ ಆ ತಿಥಿ ಮುಗಿಯುತ್ತದೆ ಎಂದು ಅರ್ಥ. 23ನ್ನು 24ರಿಂದ ಗುಣಿಸಿದರೆ 552 ನಿಮಿಷ. 40 ವಿಗಳಿಗೆ ಅಂದರೆ 16 ನಿಮಿಷ. ಒಟ್ಟು 568 ನಿಮಿಷ, ಅಂದರೆ 9 ಗಂಟೆ 28 ನಿಮಿಷ. ಅವತ್ತಿನ ಸೂರ್ಯೋದಯ 6:20 ಆಗಿದ್ದರೆ ತಿಥಿ ಮಧ್ಯಾಹ್ನ 3:48ಕ್ಕೆ ಮುಗಿಯಿತು.

ಬಾಯಿಲೆಕ್ಕಕ್ಕೆ ಇನ್ನೂ ಸುಲಭದ ದಾರಿ ಇದೆ. ಎರಡೂವರೆ ಗಳಿಗೆಗೆ ಒಂದು ಗಂಟೆ. ಹತ್ತು ಗಳಿಗೆಗೆ ನಾಲ್ಕು ಗಂಟೆ. ನೆನಪಿಡಬೇಕಾದದ್ದು ಒಂದೇ, ಸೂರ್ಯೋದಯವನ್ನು ಆ ಪಂಚಾಂಗ ಯಾವ ಊರಿಗೆ ಗಣಿಸಿದೆಯೋ ಆ ಊರಿನದ್ದೇ ತೆಗೆದುಕೊಳ್ಳಬೇಕು. ಮೊದಲ ಪುಟಗಳಲ್ಲಿ ಆ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟಿರುತ್ತಾರೆ.

ಜಾವ, ಮುಹೂರ್ತ ಅಂದರೆ?

ಎರಡು ಗಳಿಗೆಗೆ ಒಂದು ಮುಹೂರ್ತ, 48 ನಿಮಿಷ. ಹಗಲಿಗೆ 15, ರಾತ್ರಿಗೆ 15. ಜಾವ ದೊಡ್ಡದು, ಮೂರು ಗಂಟೆಯಷ್ಟು. ಹಗಲಿಗೆ ನಾಲ್ಕು, ರಾತ್ರಿಗೆ ನಾಲ್ಕು. ಶಿವರಾತ್ರಿಯ ನಾಲ್ಕು ಜಾವದ ಪೂಜೆ ಈ ಲೆಕ್ಕದ್ದೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗಳಿಗೆ ಯಾವತ್ತೂ 24 ನಿಮಿಷವೇ. ಆದರೆ ಹಗಲಿನ ಮುಹೂರ್ತ ಅಂದಾಗ ಹಗಲನ್ನು 15 ಪಾಲು ಮಾಡುತ್ತಾರೆ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹೊತ್ತಿಗೆ ಹಗಲು ಹೆಚ್ಚುಕಡಿಮೆ 12 ಗಂಟೆ 53 ನಿಮಿಷ. ಆಗ ಹಗಲಿನ ಮುಹೂರ್ತ 51 ನಿಮಿಷ ದಾಟುತ್ತದೆ. ಡಿಸೆಂಬರ್ ಕೊನೆಯಲ್ಲಿ ಹಗಲು ಹನ್ನೊಂದೂಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ, ಮುಹೂರ್ತ 46 ನಿಮಿಷಕ್ಕೂ ಕಡಿಮೆ. 48 ಅನ್ನುವುದು ಸರಾಸರಿ.

ತಿಥಿ ಯಾಕೆ ನಡುಮಧ್ಯಾಹ್ನ, ಅಪರಾತ್ರಿಯಲ್ಲೆಲ್ಲ ಬದಲಾಗುತ್ತದೆ?

ಯಾಕೆಂದರೆ ತಿಥಿಗೂ ಭೂಮಿ ತಿರುಗುವುದಕ್ಕೂ ಸಂಬಂಧ ಇಲ್ಲ. ಚಂದ್ರ ಸೂರ್ಯನಿಂದ 12 ಅಂಶ ಮುಂದೆ ಹೋದರೆ ಒಂದು ತಿಥಿ ಆಯಿತು. ಅಮಾವಾಸ್ಯೆ ಮುಗಿದ ಕ್ಷಣದಿಂದ 12 ಅಂಶ ದೂರವಾಗುವವರೆಗೆ ಪಾಡ್ಯ, 24ರವರೆಗೆ ಬಿದಿಗೆ, 36ರವರೆಗೆ ತದಿಗೆ, ಹೀಗೆ 180ಕ್ಕೆ ಹುಣ್ಣಿಮೆ ಮುಗಿಯುತ್ತದೆ. ಆ ಕ್ಷಣ ನಮ್ಮ ಊರಿನಲ್ಲಿ ಬೆಳಗ್ಗೆಯೋ ರಾತ್ರಿಯೋ ಅನ್ನುವುದು ಚಂದ್ರನಿಗೆ ಲೆಕ್ಕಕ್ಕಿಲ್ಲ.

ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ. ಭೂಮಿಗೆ ಹತ್ತಿರ ಬಂದಾಗ ಬೇಗ ಓಡುತ್ತಾನೆ, ದೂರ ಹೋದಾಗ ನಿಧಾನ. ಹಾಗಾಗಿ ತಿಥಿ ಕೆಲವೊಮ್ಮೆ 20 ಗಂಟೆಗೇ ಮುಗಿಯುತ್ತದೆ, ಕೆಲವೊಮ್ಮೆ 27 ಗಂಟೆಯ ಹತ್ತಿರ ಹೋಗುತ್ತದೆ. ಸರಾಸರಿ 23 ಗಂಟೆ 37 ನಿಮಿಷ.

ಹಾಗಾದರೆ ಇವತ್ತಿನ ತಿಥಿ ಅಂತ ಯಾವುದನ್ನು ಹೇಳಬೇಕು?

ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದು ಆ ದಿನದ ತಿಥಿ. ಸೂರ್ಯೋದಯ ಆದ ಮೇಲೆ ಶುರುವಾಗಿ ಮರುದಿನದ ಸೂರ್ಯೋದಯಕ್ಕೆ ಮೊದಲೇ ಒಂದು ತಿಥಿ ಮುಗಿದುಹೋದರೆ ಅದಕ್ಕೆ ದಿನವೇ ಸಿಗುವುದಿಲ್ಲ. ಅದು ಕ್ಷಯ ತಿಥಿ. ಒಂದೇ ತಿಥಿ ಎರಡು ಸೂರ್ಯೋದಯಗಳಲ್ಲಿ ಇದ್ದರೆ ವೃದ್ಧಿ. ಕ್ಯಾಲೆಂಡರ್‌ನಲ್ಲಿ ಪಂಚಮಿ ಆದಮೇಲೆ ನೇರ ಸಪ್ತಮಿ ಕಂಡರೆ ಅದು ಅಚ್ಚಿನ ತಪ್ಪಲ್ಲ.

ಕ್ಯಾಲೆಂಡರ್‌ನಲ್ಲಿ ಬುಧವಾರ ಚೌತಿ ಅಂತಿದೆ, ಗಣೇಶನ ಹಬ್ಬ ಮಂಗಳವಾರ ಅಂತಿದೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಸೂರ್ಯೋದಯದ ತಿಥಿ ದಿನಕ್ಕೆ ಹೆಸರು ಕೊಡುತ್ತದೆ, ಹಬ್ಬದ ದಿನವನ್ನೂ ಅದೇ ಗೊತ್ತುಮಾಡುತ್ತದೆ ಎಂದೇನೂ ಇಲ್ಲ. ಒಂದೊಂದು ಹಬ್ಬಕ್ಕೂ ಒಂದೊಂದು ಹೊತ್ತು ಮುಖ್ಯ. ಆ ಹೊತ್ತಿನಲ್ಲಿ ತಿಥಿ ಇರಬೇಕು.

ಶಾಸ್ತ್ರಗಳು ಹಗಲನ್ನು ಐದು ಪಾಲು ಮಾಡುತ್ತವೆ: ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ನ, ಸಾಯಾಹ್ನ. ಒಂದೊಂದೂ ಮೂರು ಮುಹೂರ್ತ. ಗಣೇಶ ಚತುರ್ಥಿಗೆ ಬೇಕಾದದ್ದು ಮಧ್ಯಾಹ್ನ. ಸೂರ್ಯೋದಯ 6:10, ಸೂರ್ಯಾಸ್ತ 6:25 ಅಂದುಕೊಳ್ಳಿ. ಹಗಲು 735 ನಿಮಿಷ, ಐದರಲ್ಲೊಂದು ಪಾಲು 147 ನಿಮಿಷ. ಎರಡು ಪಾಲು ಕಳೆದು ಮಧ್ಯಾಹ್ನ ಶುರುವಾಗುವುದು 11:04ಕ್ಕೆ, ಮುಗಿಯುವುದು 1:31ಕ್ಕೆ. ಚೌತಿ ಮಂಗಳವಾರ ಬೆಳಗ್ಗೆ 10ಕ್ಕೆ ಬಂದು ಬುಧವಾರ 10:40ಕ್ಕೆ ಮುಗಿದರೆ, ಬುಧವಾರದ ಸೂರ್ಯೋದಯದಲ್ಲಿ ಚೌತಿ ಇದೆ ನಿಜ, ಆದರೆ ಮಧ್ಯಾಹ್ನದ ಹೊತ್ತಿಗೆ ಇಲ್ಲ. ಮಂಗಳವಾರದ ಮಧ್ಯಾಹ್ನ ಪೂರ್ತಿ ಇದೆ. ಗಣಪತಿ ಕೂರಿಸುವುದು ಮಂಗಳವಾರ.

ಉಳಿದ ಹಬ್ಬಗಳೂ ಹೀಗೆಯೇ. ಯುಗಾದಿಗೆ ಸೂರ್ಯೋದಯದ ಪಾಡ್ಯ. ರಾಮನವಮಿಗೆ ಮಧ್ಯಾಹ್ನದ ನವಮಿ. ವಿಜಯದಶಮಿಗೆ, ವರ್ಷದ ಶ್ರಾದ್ಧಕ್ಕೆ ಅಪರಾಹ್ನ. ದೀಪಾವಳಿಯ ಲಕ್ಷ್ಮೀಪೂಜೆಗೆ ಪ್ರದೋಷ, ಅಂದರೆ ಸೂರ್ಯ ಮುಳುಗಿದ ನಂತರದ ಹೊತ್ತಿನಲ್ಲಿ ಅಮಾವಾಸ್ಯೆ. ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ ಸೂರ್ಯೋದಯಕ್ಕೆ ಮುಂಚಿನ ಹೊತ್ತು. ಶಿವರಾತ್ರಿಗೆ ನಿಶೀಥ, ಅಂದರೆ ರಾತ್ರಿಯ ಎಂಟನೇ ಮುಹೂರ್ತ.

ಹಾಗಾಗಿ ಪಕ್ಕದ ಮನೆಯವರು ಹಿಂದಿನ ದಿನ ಹಬ್ಬ ಮಾಡಿದರೆ ಅವರಿಗೆ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. ಅವರ ಪಂಚಾಂಗದಲ್ಲಿ ತಿಥಿ ಮುಗಿಯುವ ಹೊತ್ತು ಕಾಲು ಗಂಟೆ ಆಚೀಚೆ ಇದ್ದರೂ ಸಾಕು, ದಿನವೇ ಬದಲಾಗಬಹುದು.

ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರ ಏಕಾದಶಿ ಇನ್ನೊಂದು ದಿನ. ಯಾಕೆ?

ಪ್ರತಿ ಸಲ ಹಾಗಾಗುವುದಿಲ್ಲ. ಆಗುವುದು ಅರುಣೋದಯದ ಲೆಕ್ಕದಿಂದ. ಸೂರ್ಯೋದಯಕ್ಕೆ ಮೊದಲಿನ 4 ಗಳಿಗೆ, ಅಂದರೆ 96 ನಿಮಿಷ ಅರುಣೋದಯ. ಆ ಹೊತ್ತಿನಲ್ಲಿ ದಶಮಿ ಸ್ವಲ್ಪ ಉಳಿದಿದ್ದರೂ ಮಾಧ್ವರಂಥ ವೈಷ್ಣವರಿಗೆ ಅದು ದಶಮಿ ವಿದ್ಧ, ಅಂದರೆ ದಶಮಿ ತಾಗಿದ ಏಕಾದಶಿ, ಉಪವಾಸಕ್ಕೆ ಬರುವುದಿಲ್ಲ. ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯಾ ಅಂತ ನೋಡುತ್ತಾರೆ.

ಸೂರ್ಯೋದಯ 6:20 ಅಂದರೆ ಅರುಣೋದಯ 4:44ಕ್ಕೆ. ದಶಮಿ 5:10ಕ್ಕೆ ಮುಗಿದರೆ ಸ್ಮಾರ್ತರ ಉಪವಾಸ ಅವತ್ತೇ, ಉಡುಪಿಯ ಮಠಗಳಲ್ಲಿ, ಮಾಧ್ವರ ಮನೆಗಳಲ್ಲಿ ಮರುದಿನ. ದಶಮಿ 4:30ಕ್ಕೇ ಮುಗಿದಿದ್ದರೆ ಈ ಕಾರಣಕ್ಕೆ ವ್ಯತ್ಯಾಸ ಬರುತ್ತಿರಲಿಲ್ಲ. ಇಪ್ಪತ್ತಾರು ನಿಮಿಷದ ಮಾತು. ಮನೆಯಲ್ಲಿ ಯಾವ ಪದ್ಧತಿ ಇದೆಯೋ ಅದನ್ನು ಹಿಡಿದು ಹೋಗಿ.

ಸಂಕಷ್ಟಿ ಯಾಕೆ ಕೆಲವೊಮ್ಮೆ ತದಿಗೆಯ ದಿನ ಬರುತ್ತದೆ?

ಅಲ್ಲಿ ಮುಖ್ಯ ಚಂದ್ರೋದಯ. ಹುಣ್ಣಿಮೆ ಕಳೆದ ನಾಲ್ಕನೇ ತಿಥಿ, ರಾತ್ರಿ ಚಂದ್ರ ಹುಟ್ಟುವಾಗ ಇರಬೇಕು. ಬೆಳಗ್ಗೆ ತದಿಗೆ ಇದ್ದು ಸಂಜೆ ಚೌತಿ ಬಂದರೆ ಅವತ್ತೇ ಸಂಕಷ್ಟಿ. ಚಂದ್ರೋದಯವೂ ಊರೂರಿಗೆ ಬೇರೆ. ಹುಬ್ಬಳ್ಳಿಯಲ್ಲಿ ಕೂತು ಬೆಂಗಳೂರಿನ ಟೈಮ್ ನೋಡಿ ಅರ್ಘ್ಯ ಕೊಟ್ಟರೆ ಚಂದ್ರ ಇನ್ನೂ ಬಂದಿರುವುದಿಲ್ಲ.

ನಕ್ಷತ್ರ, ಯೋಗ, ಕರಣ?

ಚಂದ್ರ 13 ಅಂಶ 20 ಕಲೆ ನಡೆದರೆ ಒಂದು ನಕ್ಷತ್ರ, ಒಟ್ಟು 27. ಸೂರ್ಯ, ಚಂದ್ರ ಇಬ್ಬರ ಸ್ಥಾನ ಕೂಡಿಸಿದ ಮೊತ್ತ ಅಷ್ಟೇ ಅಂಶ ಮುಂದೆ ಹೋದರೆ ಒಂದು ಯೋಗ, ಅವೂ 27. ಅರ್ಧ ತಿಥಿಗೆ ಒಂದು ಕರಣ. ಕರಣಗಳ ಹೆಸರು 11. ಅದರಲ್ಲಿ ವಿಷ್ಟಿಗೆ ಭದ್ರಾ ಅಂತಲೂ ಹೇಳುತ್ತಾರೆ, ಶುಭಕಾರ್ಯಕ್ಕೆ ಬಿಡುತ್ತಾರೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ, ಈ ಐದೂ ಸೇರಿ ಪಂಚಾಂಗ. ಐದರಲ್ಲಿ ಸೂರ್ಯೋದಯಕ್ಕೆ ಸರಿಯಾಗಿ ಬದಲಾಗುವುದು ವಾರ ಮಾತ್ರ.

ನಮ್ಮ ಶಾಸನಗಳಲ್ಲಿ ದಾನ ಕೊಟ್ಟ ದಿನವನ್ನು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಹೇಳಿ, ಎಷ್ಟೋ ಕಡೆ ಸಂಕ್ರಾಂತಿ, ವ್ಯತೀಪಾತ ಅಥವಾ ಗ್ರಹಣವನ್ನೂ ಸೇರಿಸಿ ಬರೆದಿದ್ದಾರೆ. ಇಷ್ಟೂ ಒಟ್ಟಿಗೆ ಸಿಕ್ಕಿದರೆ ಇವತ್ತಿನ ತಾರೀಖನ್ನು ಲೆಕ್ಕ ಹಾಕಿ ಹಿಡಿಯಬಹುದು. ಶಾಸನದ ಕಾಲ ಗೊತ್ತುಮಾಡುವವರಿಗೆ ಇದು ದೊಡ್ಡ ಆಸರೆ.

ಭಾನುವಾರ ಆದಮೇಲೆ ಸೋಮವಾರವೇ ಯಾಕೆ? ಈ ಕ್ರಮ ಎಲ್ಲಿಂದ ಬಂತು?

ಹೋರೆಯ ಲೆಕ್ಕದಿಂದ. ದಿನಕ್ಕೆ 24 ಹೋರೆ. ಒಂದೊಂದಕ್ಕೂ ಒಬ್ಬ ಗ್ರಹ ಒಡೆಯ. ನಿಧಾನಕ್ಕೆ ಚಲಿಸುವ ಗ್ರಹದಿಂದ ವೇಗದ ಗ್ರಹದವರೆಗೆ ಸಾಲು ಹೀಗಿದೆ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ಮತ್ತೆ ಶನಿ.

ಭಾನುವಾರ ಸೂರ್ಯೋದಯದ ಹೋರೆ ರವಿಯದ್ದು. ಬೆರಳು ಮಡಚುತ್ತಾ ಬನ್ನಿ. ಎರಡನೆಯದು ಶುಕ್ರ, ಮೂರನೆಯದು ಬುಧ. 8, 15, 22ನೆಯವು ಮತ್ತೆ ರವಿಯವು. 23 ಶುಕ್ರ, 24 ಬುಧ. 25ನೆಯದು ಚಂದ್ರನದ್ದು, ಅದೇ ಮರುದಿನದ ಸೂರ್ಯೋದಯದ ಹೋರೆ. ಹಾಗಾಗಿ ಸೋಮವಾರ. ಹೀಗೆ ಮುಂದುವರಿಸಿದರೆ ಏಳು ದಿನವೂ ಸರಿಯಾಗಿ ಬರುತ್ತವೆ. ಒಮ್ಮೆ ಕೈಯಲ್ಲೇ ಎಣಿಸಿ ನೋಡಿ. ಈ ಗ್ರಹ, ಹೋರೆ, ವಾರದ ಲೆಕ್ಕ ನಮ್ಮಲ್ಲಿಗೆ ಬಂದದ್ದು ಗ್ರೀಕರ ಕಡೆಯ ಸಂಪರ್ಕದಿಂದ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಸಂಕೋಚ ಬೇಡ. ತಿಥಿ, ನಕ್ಷತ್ರದ ಲೆಕ್ಕ ಅದಕ್ಕಿಂತ ಹಳೆಯದು.

ರಾಹುಕಾಲ ಸೋಮವಾರ 7:30ರಿಂದ 9 ಅಂತ ಬಾಯಿಪಾಠ ಮಾಡಿದ್ದೇವೆ. ಸಾಕಲ್ವಾ?

ಸಾಲದು. ಸೂರ್ಯೋದಯ 6ಕ್ಕೆ, ಸೂರ್ಯಾಸ್ತ 6ಕ್ಕೆ ಆದರೆ ಮಾತ್ರ ಆ ಟೈಮ್ ಸರಿ.

ಹಗಲನ್ನು ಎಂಟು ಪಾಲು ಮಾಡಬೇಕು. ಅದರಲ್ಲಿ ಸೋಮವಾರ ಎರಡನೇ ಪಾಲು ರಾಹುಕಾಲ, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಭಾನುವಾರ ಎಂಟು. ಮೊದಲ ಪಾಲಿನಲ್ಲಿ ರಾಹುಕಾಲ ಯಾವತ್ತೂ ಬರುವುದಿಲ್ಲ.

ಬೆಂಗಳೂರಿನಲ್ಲಿ ಜನವರಿ ಕೊನೆಯ ಒಂದು ಸೋಮವಾರ ತೆಗೆದುಕೊಳ್ಳಿ. ಸೂರ್ಯೋದಯ ಸುಮಾರು 6:46, ಸೂರ್ಯಾಸ್ತ ಸುಮಾರು 6:22. ಹಗಲು 696 ನಿಮಿಷ, ಎಂಟರಲ್ಲೊಂದು ಪಾಲು 87 ನಿಮಿಷ. ಮೊದಲ ಪಾಲು 8:13ಕ್ಕೆ ಮುಗಿಯಿತು. ರಾಹುಕಾಲ 8:13ರಿಂದ 9:40. ನೀವು ಬಾಯಿಪಾಠದ ಲೆಕ್ಕ ನಂಬಿ 9:05ಕ್ಕೆ ಹೊಸ ಅಂಗಡಿಯ ಬಾಗಿಲು ತೆಗೆದರೆ ರಾಹುಕಾಲದ ನಡುವೆಯೇ ತೆಗೆದ ಹಾಗಾಯಿತು. ನಂಬುವವರು ಸರಿಯಾಗಿ ಲೆಕ್ಕ ಹಾಕಿಯೇ ನಂಬಲಿ.

ಇನ್ನೊಂದು ಮಾತು ಹೇಳಲೇಬೇಕು. ರಾಹುಕಾಲವನ್ನು ನೋಡುವುದು ದಕ್ಷಿಣದಲ್ಲೇ ಜಾಸ್ತಿ, ಅದೂ ಹೊಸ ಕೆಲಸ ಶುರು ಮಾಡುವುದಕ್ಕೆ. ನಡೆಯುತ್ತಿರುವ ಕೆಲಸ ನಿಲ್ಲಿಸಬೇಕು ಎಂದಿಲ್ಲ. ಎದೆನೋವು ಬಂದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು, ಹೆರಿಗೆಗೆ, ಔಷಧಿಗೆ ರಾಹುಕಾಲ ನೋಡಬೇಡಿ. ಕಾಯುವುದು ತಪ್ಪು.

ಗುಳಿಕ ಕಾಲ, ಯಮಗಂಡ ಕಾಲ?

ಅದೇ ಎಂಟು ಪಾಲಿನ ಲೆಕ್ಕ. ಗುಳಿಕ ಭಾನುವಾರ ಏಳನೇ ಪಾಲು, ಆಮೇಲೆ ದಿನಕ್ಕೊಂದು ಕಡಿಮೆಯಾಗುತ್ತಾ ಶನಿವಾರ ಮೊದಲ ಪಾಲು. ಯಮಗಂಡ ಭಾನುವಾರ ಐದನೆಯದು, ಗುರುವಾರಕ್ಕೆ ಇಳಿದು ಮೊದಲನೆಯದು, ಶುಕ್ರವಾರ ಏಳು, ಶನಿವಾರ ಆರು.

ಅಭಿಜಿನ್ ಮುಹೂರ್ತ ಅಂದರೆ ಮಧ್ಯಾಹ್ನ 12 ಗಂಟೆ ಅಲ್ವಾ?

ಅಲ್ಲ. ಹಗಲಿನ 15 ಮುಹೂರ್ತಗಳಲ್ಲಿ ಎಂಟನೆಯದು ಅಭಿಜಿತ್. ಅದರ ನಟ್ಟನಡುವೆ ಸೂರ್ಯ ನೆತ್ತಿಯ ರೇಖೆಗೆ ಬರುತ್ತಾನೆ. ನಮ್ಮ ಗಡಿಯಾರ ತೋರಿಸುವುದು 82.5 ಅಂಶ ಪೂರ್ವ ರೇಖಾಂಶದ ಸಮಯ, 1906ರಿಂದ ಭಾರತದ ಅಧಿಕೃತ ಸಮಯಕ್ಕೆ ಅದೇ ಆಧಾರ. ಬೆಂಗಳೂರು ಇರುವುದು 77.6ರಲ್ಲಿ. ಒಂದು ಅಂಶಕ್ಕೆ 4 ನಿಮಿಷದಂತೆ ಬೆಂಗಳೂರಿನ ನಡುಹಗಲು ಸರಾಸರಿ 12:20ಕ್ಕೆ. ಅದೂ ವರ್ಷಪೂರ್ತಿ ಒಂದೇ ಅಲ್ಲ. ನವೆಂಬರ್ ಶುರುವಿನಲ್ಲಿ 12:03ರ ಹತ್ತಿರ, ಫೆಬ್ರವರಿ ಮಧ್ಯದಲ್ಲಿ 12:34ರ ಹತ್ತಿರ. ನಡುಹಗಲಿಗೆ ಹಿಂದೆ ಮುಂದೆ 24 ನಿಮಿಷ ಸೇರಿಸಿದರೆ ಅಭಿಜಿನ್ ಮುಹೂರ್ತ ಸಿಕ್ಕಿತು. ಬುಧವಾರ ಇದನ್ನು ಬಿಡುವ ರೂಢಿ ಇದೆ. ಗಮನಿಸಿದಿರಾ, ಬುಧವಾರ ರಾಹುಕಾಲ ಶುರುವಾಗುವುದೂ ನಡುಹಗಲಿಗೇ.

ಮದುವೆಯ ಕರೆಯೋಲೆಯಲ್ಲಿ ಬರುವ ಮೀನ ಲಗ್ನ, ಮಿಥುನ ಲಗ್ನ ಬೇರೆ ವಿಷಯ. ಆ ಹೊತ್ತಿಗೆ ಪೂರ್ವ ದಿಗಂತದಲ್ಲಿ ಮೇಲೇರುತ್ತಿರುವ ರಾಶಿ ಅದು. ದಿನಕ್ಕೆ 12 ಲಗ್ನ, ಒಂದಕ್ಕೆ ಸರಾಸರಿ ಎರಡು ಗಂಟೆ.

ಬ್ರಾಹ್ಮೀ ಮುಹೂರ್ತ ಎಷ್ಟು ಹೊತ್ತಿಗೆ?

ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರು, 48 ನಿಮಿಷ ಮೊದಲು ಮುಗಿಯಿತು. ರಾತ್ರಿಯ ಕೊನೆಯ ಮುಹೂರ್ತಕ್ಕೆ ಹಿಂದಿನದು. ಬೆಂಗಳೂರಿನಲ್ಲಿ ಸೂರ್ಯೋದಯ ಜೂನ್ ಶುರುವಿನಲ್ಲಿ 5:52ರ ಸುಮಾರಿಗೆ ಆದರೆ ಜನವರಿ ಕೊನೆಯಲ್ಲಿ 6:46ಕ್ಕೆ. ಅಂದಮೇಲೆ 4:30ಕ್ಕೆ ಅಲಾರಂ ಇಟ್ಟುಕೊಂಡವರು ಜೂನ್‌ನಲ್ಲಿ ಬ್ರಾಹ್ಮೀ ಮುಹೂರ್ತದೊಳಗೆ ಏಳುತ್ತಾರೆ, ಜನವರಿಯಲ್ಲಿ ಅದಕ್ಕೂ ಮೊದಲೇ.

ಎರಡು ಪಂಚಾಂಗದಲ್ಲಿ ಒಂದೇ ತಿಥಿಗೆ ಬೇರೆ ಬೇರೆ ಸಮಯ ಇದೆ. ಯಾವುದನ್ನು ನಂಬಬೇಕು?

ಇದಕ್ಕೆ ಮೂರು ಕಾರಣ ಇರಬಹುದು. ಊರು ಬೇರೆ ಇರಬಹುದು. ಸೂರ್ಯೋದಯದ ಅರ್ಥ ಬೇರೆ ಇರಬಹುದು: ಸೂರ್ಯಬಿಂಬದ ಮೇಲಂಚು ಕಂಡದ್ದೇ ಸೂರ್ಯೋದಯ ಎಂದು ಕೆಲವರು, ಬಿಂಬದ ನಡು ದಿಗಂತಕ್ಕೆ ಬಂದರೆ ಸೂರ್ಯೋದಯ ಎಂದು ಕೆಲವರು. ಇದರಿಂದ ನಮ್ಮ ಕಡೆ ಮೂರು ನಾಲ್ಕು ನಿಮಿಷ ವ್ಯತ್ಯಾಸ. ದೊಡ್ಡ ಕಾರಣ ಮೂರನೆಯದು, ಗಣಿತದ ಪದ್ಧತಿ.

ಹಳೆಯ ಸಿದ್ಧಾಂತದ ಸೂತ್ರ ಬಳಸುವ ಪಂಚಾಂಗಗಳು ಒಂದು ಕಡೆ. ಆಕಾಶದಲ್ಲಿ ಈಗ ಕಾಣುವ ಸ್ಥಾನಕ್ಕೆ ಹೊಂದಿಸಿ ಗಣಿಸುವ ದೃಕ್ ಪಂಚಾಂಗಗಳು ಇನ್ನೊಂದು ಕಡೆ. ತಮಿಳುನಾಡಿನಲ್ಲಿ ಇದನ್ನೇ ವಾಕ್ಯ ಪಂಚಾಂಗ, ತಿರುಗಣಿತ ಪಂಚಾಂಗ ಎನ್ನುತ್ತಾರೆ. ಹಳೆಯವರ ಮಾತು 'ಬಾಣವೃದ್ಧಿ ರಸಕ್ಷಯ'. ಬಾಣ ಅಂದರೆ ಐದು, ರಸ ಅಂದರೆ ಆರು. ತಿಥಿ 60 ಗಳಿಗೆಗಿಂತ ಐದು ಗಳಿಗೆ ಹೆಚ್ಚಬಹುದು, ಆರು ಗಳಿಗೆ ಕಡಿಮೆಯಾಗಬಹುದು. ದೃಕ್ ಲೆಕ್ಕದಲ್ಲಿ ಇದು 'ಸಪ್ತವೃದ್ಧಿ ದಶಕ್ಷಯ', ಏಳು ಹೆಚ್ಚು, ಹತ್ತು ಕಡಿಮೆ. ಚಂದ್ರನ ಚಲನೆಯಲ್ಲಿ ಸೂರ್ಯನ ಸೆಳೆತದಿಂದ ಆಗುವ ಏರುಪೇರನ್ನು ಹಳೆಯ ಸೂತ್ರ ಪೂರ್ತಿ ಹಿಡಿಯುವುದಿಲ್ಲ. ಅದರಿಂದ ಕೆಲವು ತಿಥಿಗಳಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಈ ಗೊಂದಲ ಬಿಡಿಸಲು ಕೇಂದ್ರ ಸರ್ಕಾರ 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1955ರಲ್ಲಿ ವರದಿ ಬಂತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂತು. ಸರ್ಕಾರದ ರಾಷ್ಟ್ರೀಯ ಪಂಚಾಂಗ ದೃಕ್ ಗಣಿತದ್ದೇ.

ನನ್ನ ಅಭಿಪ್ರಾಯ ಕೇಳಿದರೆ, ಗ್ರಹಣಕ್ಕೆ ಎಲ್ಲರೂ ಆಕಾಶವನ್ನೇ ನೋಡುತ್ತೇವೆ. ಗ್ರಹಣ ಅಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆ ಮುಗಿಯುವ ಕ್ಷಣದ ಆಸುಪಾಸಿನ ಘಟನೆ. ಆ ತಿಥಿಗೆ ಕಣ್ಣಿಗೆ ಕಾಣುವ ಲೆಕ್ಕ ಬೇಕಾದರೆ ಉಳಿದ ತಿಥಿಗಳಿಗೂ ಅದೇ ಬೇಕು. ಸಿದ್ಧಾಂತಗಳನ್ನು ಬರೆದವರೂ ಕಣ್ಣಿಗೆ ಕಂಡದ್ದಕ್ಕೆ ಗಣಿತ ಹೊಂದಬೇಕು ಎಂದೇ ದುಡಿದವರು. ಆದರೆ ಮಠದ, ಮನೆತನದ ಪಂಚಾಂಗ ಅನುಸರಿಸುವವರು ಅದನ್ನೇ ಅನುಸರಿಸಲಿ. ಒಂದು ಹಬ್ಬಕ್ಕೆ ಒಂದು ಪಂಚಾಂಗ, ಇನ್ನೊಂದಕ್ಕೆ ಇನ್ನೊಂದು ಅಂತ ಅನುಕೂಲ ನೋಡಿ ಬದಲಾಯಿಸುವುದು ಮಾತ್ರ ಬೇಡ.

ಬೆಂಗಳೂರು, ಮೈಸೂರಿನ ಪಂಚಾಂಗ ಮಂಗಳೂರಿಗೆ, ಬೀದರಿಗೆ ಆಗುತ್ತದಾ?

ಗಂಟೆ ನಿಮಿಷದಲ್ಲಿ ಕೊಟ್ಟ ತಿಥಿ, ನಕ್ಷತ್ರ ಮುಗಿಯುವ ಸಮಯ ಹಾಗೇ ಆಗುತ್ತದೆ. ಚಂದ್ರ 12 ಅಂಶ ದಾಟುವ ಕ್ಷಣ ಎಲ್ಲ ಊರಿಗೂ ಒಂದೇ. ಸೂರ್ಯೋದಯಕ್ಕೆ ಕಟ್ಟಿಕೊಂಡದ್ದೆಲ್ಲ, ಅಂದರೆ ಗಳಿಗೆಯಲ್ಲಿ ಕೊಟ್ಟ ಸಮಯ, ರಾಹುಕಾಲ, ಹೋರೆ, ಅರುಣೋದಯ ಬದಲಾಗುತ್ತವೆ. ಮಂಗಳೂರಿನಲ್ಲಿ ನಡುಹಗಲು ಬೆಂಗಳೂರಿಗಿಂತ 11 ನಿಮಿಷ ತಡ. ಬೀದರಿನಲ್ಲಿ ಜೂನ್ ಹಗಲು ಬೆಂಗಳೂರಿನದ್ದಕ್ಕಿಂತ ಸುಮಾರು 18 ನಿಮಿಷ ಉದ್ದ.

ಹೊರದೇಶದಲ್ಲಿ ಇರುವವರು ಏನು ಮಾಡಬೇಕು?

ಊರಿನ ಕ್ಯಾಲೆಂಡರ್‌ನ ತಾರೀಖನ್ನು ಸುಮ್ನೆ ನಕಲು ಮಾಡಬೇಡಿ. ತಿಥಿ ಮುಗಿಯುವ ಸಮಯವನ್ನು ನಿಮ್ಮ ಗಡಿಯಾರಕ್ಕೆ ತಿರುಗಿಸಿ, ಆಮೇಲೆ ನಿಮ್ಮ ಊರಿನ ಸೂರ್ಯೋದಯ, ಮಧ್ಯಾಹ್ನ, ಅಪರಾಹ್ನ ನೋಡಿ.

ಒಂದು ತಿಥಿ ಭಾರತದಲ್ಲಿ ಸಂಜೆ 4ಕ್ಕೆ ಮುಗಿಯಿತು ಅನ್ನಿ. ನ್ಯೂಜೆರ್ಸಿಯಲ್ಲಿ ಬೇಸಿಗೆಯ ಗಡಿಯಾರದಲ್ಲಿ ಆಗ ಅದೇ ತಾರೀಖಿನ ಬೆಳಗ್ಗೆ 6:30. ಊರಿನಲ್ಲಿ ಮಧ್ಯಾಹ್ನಕ್ಕೆ ಸಿಕ್ಕ ತಿಥಿ ಅಲ್ಲಿ ಮಧ್ಯಾಹ್ನಕ್ಕೆ ಮುಗಿದುಹೋಗಿರುತ್ತದೆ. ಹಾಗಾಗಿ ಅಲ್ಲಿ ಹಬ್ಬ ಹಿಂದಿನ ದಿನ. ಅಮೆರಿಕದಲ್ಲಿ ಎಷ್ಟೋ ಹಬ್ಬಗಳು ಒಂದು ದಿನ ಮೊದಲು ಬರುವುದು ಈ ಕಾರಣಕ್ಕೆ.

ಲಂಡನ್ನಿನಲ್ಲಿ ಜೂನ್ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆ. ಅಲ್ಲಿ ರಾಹುಕಾಲ ಬೇಸಿಗೆಯಲ್ಲಿ ಎರಡು ಗಂಟೆಗಿಂತ ಜಾಸ್ತಿ, ಚಳಿಗಾಲದಲ್ಲಿ ಒಂದು ಗಂಟೆಯೂ ಇಲ್ಲ.

ಮಗು ಮಂಗಳವಾರ ಬೆಳಗಿನ ಜಾವ 2:15ಕ್ಕೆ ಹುಟ್ಟಿತು. ವಾರ ಯಾವುದು, ನಕ್ಷತ್ರ ಯಾವುದು?

ವಾರ ಸೋಮವಾರ. ಆಸ್ಪತ್ರೆಯ ದಾಖಲೆಯಲ್ಲಿ ಮಂಗಳವಾರದ ತಾರೀಖು ಇರುತ್ತದೆ, ಅದು ಹಾಗೇ ಇರಲಿ. ನಕ್ಷತ್ರ, ತಿಥಿ ಮಾತ್ರ ಹುಟ್ಟಿದ ಕ್ಷಣದಲ್ಲಿ ಯಾವುದಿತ್ತೋ ಅದು. ಸೂರ್ಯೋದಯದ್ದಲ್ಲ. ಪಂಚಾಂಗದಲ್ಲಿ ಸೋಮವಾರದ ಸಾಲಿನಲ್ಲಿ ನಕ್ಷತ್ರ ಎಷ್ಟು ಹೊತ್ತಿಗೆ ಮುಗಿಯುತ್ತದೆ ನೋಡಿ. 2:15ಕ್ಕಿಂತ ಮೊದಲೇ ಮುಗಿದಿದ್ದರೆ ಮುಂದಿನ ನಕ್ಷತ್ರ. ಕೆಲವು ಪಂಚಾಂಗಗಳು ನಡುರಾತ್ರಿ ಕಳೆದ ಸಮಯವನ್ನು 26:15 ಅಂತ ಮುಂದುವರಿಸಿ ಬರೆಯುತ್ತವೆ. ಅದರಿಂದ 24 ಕಳೆದರೆ ಬೆಳಗಿನ ಜಾವದ ಗಂಟೆ ಸಿಗುತ್ತದೆ.

ಪುರೋಹಿತರಿಗೆ ಹೇಳುವಾಗ ತಾರೀಖು, ಸಮಯ, ಊರು ಮೂರನ್ನೂ ಹೇಳಿ. "ಸೋಮವಾರ ರಾತ್ರಿ" ಅಂತ ಮಾತ್ರ ಹೇಳಿದರೆ ಒಂದು ಪೂರ್ತಿ ದಿನ ತಪ್ಪುವ ಸಾಧ್ಯತೆ ಇದೆ.

ಆ್ಯಪ್ ನೋಡಿದರೆ ಸಾಕಾ?

ಸಾಕು. ಸೆಟ್ಟಿಂಗ್ಸ್‌ನಲ್ಲಿ ಎರಡು ವಿಷಯ ನೋಡಿಕೊಳ್ಳಿ. ಊರು ನಿಮ್ಮದೇ ಇದೆಯಾ? ಎಷ್ಟೋ ಆ್ಯಪ್‌ಗಳಲ್ಲಿ ದೆಹಲಿಯೋ ಉಜ್ಜಯಿನಿಯೋ ಮೊದಲೇ ಆಯ್ಕೆಯಾಗಿರುತ್ತದೆ. ಮಾಸದ ಪದ್ಧತಿ ಅಮಾಂತ ಇದೆಯಾ? ಕರ್ನಾಟಕದಲ್ಲಿ ಚಾಂದ್ರಮಾನ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದ ಪೂರ್ಣಿಮಾಂತ ಇದ್ದರೆ ಕೃಷ್ಣಪಕ್ಷದಲ್ಲಿ ಮಾಸದ ಹೆಸರು ಒಂದು ಮುಂದೆ ಇರುತ್ತದೆ, ಸಂಕಲ್ಪದಲ್ಲಿ ತಪ್ಪು ಮಾಸ ಹೇಳುತ್ತೀರಿ. ತಿಥಿ, ಹಬ್ಬದ ದಿನಕ್ಕೆ ಇದರಿಂದ ವ್ಯತ್ಯಾಸ ಆಗುವುದಿಲ್ಲ.